ಪಟದ ಹಿಂದಿನ ಹುಳ, ಅಣಬೆಯ ಹುಳ

ಐದು ವರ್ಷದ ಹಿಂದಿನ ಮಳೆಗಾಲ. ಬೆಳಗೊಳದ ರತ್ನಮ್ಮನ ಅಣಬೆ ಶೆಡ್ಡಿನಲ್ಲಿ ನಾನು, ಸಾಕವ್ವ, ಕೂಲಿಗಿದ್ದೆ. ಅದಕ್ಕೆ ಮೊದಲು ಹದಿನಾರು ವರ್ಷ ಮೇಲುಕೋಟೆಯಲ್ಲಿ ಹಳೆಯ ಓಲೆಗರಿ ಪುಸ್ತಕದ ಕಟ್ಟುಗಳ ಧೂಳು ಒರೆಸಿ ಎಣ್ಣೆ ಸವರಿದವಳು. ಆ ಗರಿಗಳಲ್ಲಿ ಏನು ಬರೆದಿದೆ ಅಂತ ನನಗೆ ಗೊತ್ತಿರಲಿಲ್ಲ. ಅದರ ಹುಳ ಗೊತ್ತಿತ್ತು.

ಒಂದು ಬೆಳಿಗ್ಗೆ ನೋಡಿದರೆ ಹುಲ್ಲು ತುಂಬಿದ ಅಣಬೆ ಚೀಲಗಳ ಮೇಲೆಲ್ಲ ಸಾಸಿವೆಗಿಂತ ಸಣ್ಣ ಬೂದಿ ಬಣ್ಣದ ಹುಳ. ಹುಲ್ಲಿನೊಳಗೆ ಹಬ್ಬಿದ್ದ ಬಿಳಿ ಎಳೆಯನ್ನು ಮೇಯುತ್ತಿದ್ದವು. ಆ ಎಳೆಯೇ ಮುಂದೆ ಅಣಬೆಯಾಗುವುದು. ಇದ್ದದ್ದು ನೂರಿಪ್ಪತ್ತು ಚೀಲ.

"ಸಾಕವ್ವ, ಇವು ಮೇಲ್ಕೋಟೆ ಪುಸ್ತಕದ ಹುಳ. ನೀನೇ ಸೀರೇಲಿ ಅಂಟುಸ್ಕಂಡು ತಂದಿದೀಯ. ಚೀಲನೆಲ್ಲ ತಿಪ್ಪೆಗಾಕಿ, ನಾಳಿಂದ ಬರಬ್ಯಾಡ" ಎಂದಳು ರತ್ನಮ್ಮ.

"ಬುಡು, ಓಯ್ತೀನಿ. ಮಾಡ್ದೆ ಇರೋ ತಪ್ಪು ಒತ್ಕಂಡು ಓಗಕಿಲ್ಲ. ಒಂದು ತಟ್ಟೇಲಿ ನೀರು ತಾ" ಎಂದೆ.

ಅವಳ ನಡುಮನೆಯ ಗೋಡೆಯಿಂದ ದೇವರ ಪಟ ಇಳಿಸಿದೆ. ತೇವಕ್ಕೆ ಬೂಷ್ಟು ಹಿಡಿದ ಹಿಂದಿನ ರಟ್ಟಿನ ಮೇಲೆ ಬಿಳಿಚಿದ ಹುಳಗಳು ಓಡಾಡುತ್ತಿದ್ದವು.

"ಪುಸ್ತಕದ ಹುಳ ಇವು ಕಣವ್ವ. ನಿಮ್ಮನೇಲೇ ಅವೆ."

ರತ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಹುಳಗಳನ್ನು ನೀರಿಗೆ ಕೊಡವಿದೆ. ನೀರಿಗೆ ಅಂಟಿಕೊಂಡು ಕಾಲು ಬಡಿದವು. ಚೀಲದ ಹುಳ ಕೊಡವಿದರೆ ಅವು ನೀರಿನ ಮೇಲೆ ತೇಲಿ, ಒಗ್ಗರಣೆಯ ಸಾಸಿವೆಯಂತೆ ಸಿಡಿದು ತಟ್ಟೆಯಾಚೆ ಹಾರಿದವು. ಪಟದ್ದು ಬುಕ್‌ಲೌಸ್, ಚೀಲದ್ದು ಸ್ಪ್ರಿಂಗ್‌ಟೇಲ್ ಎಂದು ಆಮೇಲೆ ಕೃಷಿ ಇಲಾಖೆಯವರು ಹೇಳಿದರು.

ಎರಡೂ ತಿನ್ನುವುದು ಬೂಷ್ಟನ್ನೇ. ಓಲೆಗರಿಗೆ ಬೂಷ್ಟು ಶತ್ರು, ಗಾಳಿಗೆ ಒಣಗಿಸಿದರೆ ಬೂಷ್ಟೂ ಹುಳವೂ ಹೋಗುತ್ತಿದ್ದವು. ಇಲ್ಲಿ ಬೂಷ್ಟಿನಂಥ ಆ ಬಿಳಿ ಎಳೆಯೇ ಬೆಳೆ, ಒಣಗಿಸುವಂತಿಲ್ಲ. ಜೊತೆಗೆ ಈ ಹಾರುವ ಹುಳ ಇರುವುದು ಒದ್ದೆ ಮಣ್ಣಿನಲ್ಲಿ, ಕೊಳೆತ ಹುಲ್ಲಿನಲ್ಲಿ. ಹಿತ್ತಲಿಗೆ ಹೋಗಿ ಹುಲ್ಲಿನ ಮೆದೆಯ ಅಡಿ ಕೆದಕಿದೆ. ಅಲ್ಲೂ ಅವೇ ಹಾರಿದವು.

"ಚೀಲಕ್ಕೆ ಈ ಅಡಿ ಹುಲ್ಲು ತುಂಬ್ದೋರು ಯಾರು?"

"ನಾನೇ ಕಣವ್ವ. ದನ ಮೂಸಕಿಲ್ಲ, ಯಾಕೆ ದಂಡ ಮಾಡದು ಅಂತ."

"ದನಕ್ಕಿರೋ ಬುದ್ಧಿ ನಿಂಗಿಲ್ವಲ್ಲ."

ತೀರಾ ಕೆಟ್ಟಿದ್ದ ಇಪ್ಪತ್ತೆರಡು ಚೀಲ ಮಾತ್ರ ಹೊರಗೆ ಹಾಕಿದೆವು. ಉಳಿದವನ್ನು ನೆಲ ಬಿಡಿಸಿ ಹಗ್ಗಕ್ಕೆ ತೂಗುಹಾಕಿ, ನೆಲ ಗುಡಿಸಿ ಸುಣ್ಣ ಚೆಲ್ಲಿ, ನೀರು ಕಮ್ಮಿ ಮಾಡಿದೆವು. ಹನ್ನೆರಡನೆಯ ದಿನ ಚೀಲಗಳ ತೂತಿನಲ್ಲಿ ಬಿಳಿ ಮೊಗ್ಗು ಕಂಡಾಗ ಇಬ್ಬರೂ ಅಲ್ಲೇ ಕುಕ್ಕರುಗಾಲಲ್ಲಿ ಕೂತೆವು.

"ನಾಳೆ ಬಿರ್ರನೆ ಬಾ, ಕೊಯ್ಲಿಗೆ ಅಣಿ ಮಾಡ್ಬೇಕು" ಎಂದಳು ರತ್ನಮ್ಮ.

ಹುಳ ಕಂಡರೆ ಯಾರು ತಂದರು ಎಂದು ಹುಡುಕುವ ಮೊದಲು, ಅದು ಏನು ತಿನ್ನುತ್ತದೆ, ಎಲ್ಲಿ ಇರುತ್ತದೆ ಎಂದು ನೋಡಬೇಕು. ನನ್ನ ಕೆಲಸ ಕಲಿಸಿದ್ದು ಇಷ್ಟೇ. ಬೂಷ್ಟು ಒರೆಸಿ, ಬಿಸಿಲು ಬಿದ್ದಾಗಲೆಲ್ಲ ಒಣಗಿಸಿದ್ದ ರತ್ನಮ್ಮನ ದೇವರ ಪಟವನ್ನು ಮೊಗ್ಗು ಕಂಡ ದಿನ ನಾನೇ ಗೋಡೆಗೆ ಸಿಕ್ಕಿಸಿ ಮನೆಗೆ ಬಂದೆ.