ಸೋಣಕ್ಕೆ ಕಾದ ಎರಡು ಸೀಟಿನ ಕಾರು

ಅತ್ತಿಗೆಗೆ ಬಸ್ಸು ಆಗುತ್ತಿರಲಿಲ್ಲ. ಗುತ್ತಿಗಾರಿನಿಂದ ಪುತ್ತೂರಿಗೆ ಬರುತ್ತಿದ್ದ ದಿಬ್ಬಣದ ಬಸ್ಸಿನಲ್ಲಿ, ಸುಳ್ಯ ಮುಟ್ಟುವ ಮೊದಲೇ ಮದುಮಗಳ ಸೀರೆಯಲ್ಲಿ ಅವರು ವಾಂತಿ ಮಾಡಿಕೊಂಡರು. ಹೆಂಗಸರು ನಿಂಬೆಹುಳಿ ಮೂಸಲು ಕೊಟ್ಟರು, ಡ್ರೈವರನ ಹಿಂದಿನ ಸೀಟಿಗೆ ಕರೆತಂದು ಕೂರಿಸಿದರು. ಯಾವುದೂ ಉಪಯೋಗಕ್ಕೆ ಬರಲಿಲ್ಲ. ನಮ್ಮ ಮನೆಗೆ ಅವರು ಕಾಲಿಟ್ಟದ್ದು ಬಿಳಿಚಿಕೊಂಡ ಮುಖದಲ್ಲಿ, ಇಬ್ಬರ ಆಸರೆಯಲ್ಲಿ. ಆಮೇಲೆ ತವರಿಗೆ ಹೋಗಿಬರುವ ಮಾತು ಬಂದಾಗಲೆಲ್ಲ ಅವರ ಮುಖದಲ್ಲಿ ಒಂದು ಹೆದರಿಕೆ ಕಾಣುತ್ತಿತ್ತು. ತವರು ಬೇಕಿತ್ತು, ದಾರಿ ಬೇಡವಾಗಿತ್ತು.

ಅರುವತ್ತರ ದಶಕದ ಮೊದಲ ವರ್ಷಗಳು ಅವು. ಅಣ್ಣ ಪುತ್ತೂರಿನ ಕೋರ್ಟಿನಲ್ಲಿ ವಕೀಲ. ನಾನು ಮಂಗಳೂರಿನ ಒಂದು ದಿನಪತ್ರಿಕೆಗೆ ಊರಿನ ಸುದ್ದಿ ಬರೆದು ಕಳಿಸುತ್ತಿದ್ದೆ. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಕೋರ್ಟಿನಿಂದ ಕೂಗಿದರೆ ಕೇಳುವಷ್ಟು ದೂರದ ಬಾಡಿಗೆ ಮನೆಯಲ್ಲಿ ಅಮ್ಮ, ನಾವಿಬ್ಬರು, ಆ ಬೇಸಗೆಯಿಂದ ಅತ್ತಿಗೆ. ಮನೆಯಲ್ಲಿ ಆಡುತ್ತಿದ್ದುದು ತುಳು. ಇಲ್ಲಿ ಆ ಮಾತುಗಳನ್ನು ನಮ್ಮ ಪೇಟೆಯ ಕನ್ನಡದಲ್ಲಿ ಬರೆದಿದ್ದೇನೆ.

ಸಂಪಾಜೆ ಘಾಟಿಯ ಮೇಲಿನ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು ಅಣ್ಣನ ಕಕ್ಷಿಗಾರ. ತೋಟದ ಬಿಳಿ ದೊರೆ ತನ್ನ ದೇಶಕ್ಕೆ ಮರಳುತ್ತಿದ್ದಾನೆ, ಬಂಗಲೆಯ ಸಾಮಾನೆಲ್ಲ ಮಾರುತ್ತಿದ್ದಾನೆ ಎಂದು ಅವರು ಒಂದು ದಿನ ಹೇಳಿದರು. ಅದರಲ್ಲಿ ಒಂದು ಕಾರೂ ಇತ್ತು. ಇಂಗ್ಲೆಂಡಿನದು, ತೆರೆದ ಗಾಡಿ, ಎರಡೇ ಸೀಟು. ಅಡಿಕೆ ಮೂಟೆ ಹೇರಲು ಬಾರದ, ಮಕ್ಕಳುಮರಿ ಕೂರಲಾಗದ ಆ ಗಾಡಿಯನ್ನು ಯಾರೂ ಕೇಳುತ್ತಿರಲಿಲ್ಲ. ಅದಕ್ಕೇ ಅದು ಅಣ್ಣನ ಕೈಗೆ ಎಟುಕಿತು. ಅಣ್ಣ ರೈಟರ ಹತ್ತಿರ ಕೇಳಿದ್ದು ಒಂದೇ ಪ್ರಶ್ನೆ: ಅದರಲ್ಲಿ ಕೂತವರಿಗೆ ವಾಂತಿ ಬರುತ್ತದೆಯೇ? ದೊರೆಯ ಹೆಂಡತಿಗೂ ಮುಚ್ಚಿದ ಗಾಡಿ ಆಗುತ್ತಿರಲಿಲ್ಲ, ಇದರಲ್ಲಿ ಮಾತ್ರ ಮೈಸೂರಿನವರೆಗೂ ಹಾಡಿಕೊಂಡು ಹೋಗುತ್ತಿದ್ದರು ಎಂದು ರೈಟರು ಹೇಳಿದರಂತೆ. ಇದನ್ನು ನಾನು ರೈಟರಿಂದ ಕೇಳಿದ್ದಲ್ಲ, ಅಣ್ಣನಿಂದ.

ಕಾರು ಪುತ್ತೂರಿಗೆ ಬಂದದ್ದು ಆಟಿ ತಿಂಗಳು ಹುಟ್ಟುವ ಹೊಸ್ತಿಲಲ್ಲಿ. ನಮ್ಮ ಕಡೆ ಆಟಿಯಲ್ಲಿ, ಅದು ಕಳೆದು ಸೋಣ ತಿಂಗಳು ಹುಟ್ಟುವವರೆಗೆ, ಹೊಸತೇನನ್ನೂ ಮನೆಗೆ ತರುವುದಿಲ್ಲ. ಶುಭಕಾರ್ಯ ಇಲ್ಲ. ಹೊಸದಾಗಿ ಮದುವೆಯಾದ ಹೆಣ್ಣು ಆ ತಿಂಗಳು ತವರಿನಲ್ಲಿರಬೇಕು, ಗಂಡ ಅತ್ತ ತಲೆ ಹಾಕಬಾರದು. ಕಾರಣ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಮ್ಮ ಕಾರಣ ಹೇಳುವ ಪೈಕಿ ಅಲ್ಲ.

“ಅಂಗಳಕ್ಕೆ ಬರುದು ಬೇಡ,” ಎಂದಳು. “ಸೋಣ ಸಂಕ್ರಮಣದಂದು ಭಟ್ಟರನ್ನು ಕರೆದು ಪೂಜೆ ಮಾಡಿಸುವ. ಅಷ್ಟರವರೆಗೆ ಎಲ್ಲಿ ಬೇಕಾದರೂ ನಿಲ್ಲಿಸು.”

ಪೇಟೆಯ ತುದಿಯಲ್ಲಿ ನಮ್ಮ ಸಂಬಂಧಿಕರೊಬ್ಬರ ಮರದ ಮಿಲ್ಲಿತ್ತು. ಅದರ ಮಾಡಿನ ಕೆಳಗೆ, ಹಲಗೆಗಳ ರಾಶಿಯ ಪಕ್ಕ ಕಾರು ನಿಂತಿತು. ಅತ್ತಿಗೆ ತವರಿಗೆ ಹೊರಡುವ ಮುನ್ನಾದಿನ ಅದನ್ನು ನೋಡಲು ಬಂದರು. ಅಮ್ಮನೂ ಜೊತೆಗಿದ್ದಳು. ಅತ್ತಿಗೆ ಗಾಡಿಗೆ ಒಂದು ಸುತ್ತು ಬಂದು, ಬಾನೆಟ್ಟಿಗೆ ಕಟ್ಟಿದ್ದ ಚರ್ಮದ ಪಟ್ಟಿಯನ್ನು ಮುಟ್ಟಿ, ಇದೆಂತ ಕುದುರೆಯಾ ಎಂದು ಕೇಳಿದರು. ಬಾಗಿಲಿನ ಹಿಡಿಗೆ ಕೈ ಹಾಕಿದಾಗ ಅಮ್ಮ ತಡೆದಳು. ಪೂಜೆಯಾಗದ ಗಾಡಿಯಲ್ಲಿ ಹೊಸ ಮದುಮಗಳು ಕೂರಬಾರದು. ಅತ್ತಿಗೆ ಕೈ ತೆಗೆದರು. ಸೋಣಕ್ಕೆ ತನ್ನನ್ನು ಕರೆದೊಯ್ಯಲು ಇದರಲ್ಲೇ ಬರಬೇಕು, ಬಸ್ಸಿನಲ್ಲಿ ಬಂದರೆ ತಾನು ಹೊರಡುವುದಿಲ್ಲ ಎಂದು ಅಣ್ಣನಿಗೆ ಹೇಳಿದರು. ಮರುದಿನ ಅವರ ಅಣ್ಣ ಬಂದು ತಂಗಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಅತ್ತಿಗೆಯ ಕೈಯಲ್ಲಿ ನಿಂಬೆಹುಳಿ ಇತ್ತು.

ಹೀಗೆ ಅಣ್ಣನಿಗೆ ಒಂದು ತಿಂಗಳ ಬಿಡುವೂ ಒಂದು ಕಾರೂ ಸಿಕ್ಕಿದವು. ಅವನು ಮೊದಲು ಓಡಿಸಿದ್ದು ಗೆಳೆಯನ ಜೀಪು ಮಾತ್ರ. ಕೋರ್ಟು ಮುಗಿದ ಕೂಡಲೇ ಕರಿ ಕೋಟು ಬಿಚ್ಚಿ ಮಿಲ್ಲಿಗೆ ಹೋಗುತ್ತಿದ್ದ. ಕಡಬದ ಕಡೆಗೆ ಹೋಗುವ ಹಳೆಯ ಜೀಪುಗಳನ್ನು ರಿಪೇರಿ ಮಾಡುತ್ತಿದ್ದ ಒಬ್ಬ ಬ್ಯಾರಿ ಮೆಕ್ಯಾನಿಕ್ ಸಹಾಯಕ್ಕೆ ಬರುತ್ತಿದ್ದರು. ಅವರಿಗೂ ಅಂಥ ಗಾಡಿ ಹೊಸತು. ಚಕ್ರಕ್ಕೆ ಸೈಕಲ್ಲಿನ ಹಾಗೆ ಕಡ್ಡಿಗಳು, ನಡುವೆ ಎರಡು ಕಿವಿಯ ಒಂದೇ ಒಂದು ದೊಡ್ಡ ನಟ್ಟು. ಬಿಚ್ಚಬೇಕಾದರೆ ಸುತ್ತಿಗೆಯಿಂದ ಕಿವಿಗೆ ಹೊಡೆಯಬೇಕು. ಎಡಗಡೆಯದು ಒಂದು ದಿಕ್ಕಿಗೆ ಬಿಚ್ಚುತ್ತದೆ, ಬಲಗಡೆಯದು ಅದಕ್ಕೆ ವಿರುದ್ಧ. ಮೆಕ್ಯಾನಿಕ್ ಒಂದಿಡೀ ಸಂಜೆ ಬಲಗಡೆಯ ನಟ್ಟನ್ನು ಹೊಡೆದು ಹೊಡೆದು ಬಿಗಿ ಮಾಡಿದರು. ನಟ್ಟಿನ ಮೇಲೆ ಬಾಣದ ಗುರುತು ಇದ್ದದ್ದು ಮಸಿ ಒರೆಸಿದ ಮೇಲೆ ಕಂಡಿತು.

“ದೊರೆಗಳು ಹೋದರೂ ಅವರ ನಟ್ಟು ಹೋಗುದಿಲ್ಲ ವಕೀಲರೆ,” ಎಂದು ಅವರು ಸುತ್ತಿಗೆ ಕೆಳಗಿಟ್ಟರು.

ಮಳೆಯ ತೇವಕ್ಕೆ ಗಾಡಿ ಬೆಳಗ್ಗೆ ಹೊತ್ತಿಕೊಳ್ಳುತ್ತಿರಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ ಸೀಮೆಎಣ್ಣೆ ಒಲೆಯ ಮೇಲೆ ಬಿಸಿ ಮಾಡಿ ಹಾಕಬೇಕು. ಚಾವಿ ತಿರುಗಿಸಿದರೆ ಎಲ್ಲೋ ಒಳಗೆ ಟಿಕ್ ಟಿಕ್ ಎಂದು ಸದ್ದು ಶುರುವಾಗಿ, ಪೆಟ್ರೋಲು ತುಂಬಿದ ಮೇಲೆ ತಾನಾಗಿ ನಿಲ್ಲುತ್ತಿತ್ತು. ಸದ್ದು ನಿಲ್ಲದಿದ್ದರೆ ಟಾಂಕಿ ಬರಿದಾಗಿದೆ ಎಂದು ಅರ್ಥ. ಇದು ತಿಳಿಯುವ ಮೊದಲು ನಾವು ಸುಳ್ಯದ ದಾರಿಯಲ್ಲಿ ಕಾವು ಎಂಬ ಊರಿನ ಹತ್ತಿರ ನಿಂತು, ಲಾರಿಯವರಲ್ಲಿ ಬೇಡಿಕೊಂಡದ್ದೂ ಉಂಟು. ಒಂದನೆಯ ಗೇರಿಗೆ ಹಾಕಬೇಕಾದರೆ ಗಾಡಿ ಪೂರ್ತಿ ನಿಂತಿರಬೇಕು. ಇಲ್ಲವಾದರೆ ಕೆಳಗಿನಿಂದ ಹಲ್ಲು ಕಡಿಯುವ ಸದ್ದು. ಕ್ಯಾನ್ವಾಸಿನ ಮಾಡು ಹೊಲಿಗೆಯಲ್ಲೆಲ್ಲ ಸೋರುತ್ತಿತ್ತು. ಅಣ್ಣ ಹೊಲಿಗೆಗಳಿಗೆ ಮೇಣ ತಿಕ್ಕಿದ. ಸೋರುವುದು ಕಡಿಮೆಯಾಯಿತು, ನಿಲ್ಲಲಿಲ್ಲ.

ಬಸ್‌ಸ್ಟ್ಯಾಂಡಿನ ಮುಂದೆ ಹೋದರೆ ಮಾತು ತಪ್ಪುತ್ತಿರಲಿಲ್ಲ. “ಎಂತ ವಕೀಲರೆ, ಅರ್ಧ ಕಾರು ಮಾತ್ರ ಬಂತಾ? ಉಳಿದರ್ಧ ಹಡಗಿನಲ್ಲಿ ಉಂಟಾ?” ಎಂದು ಏಜೆಂಟರೊಬ್ಬರು ಕೇಳಿದರು. ಅಣ್ಣ ನಗುತ್ತಿದ್ದ. ಮೊದಲೂ ನಂತರವೂ ಅವನು ಅಷ್ಟು ನಕ್ಕದ್ದನ್ನು ನಾನು ನೋಡಿಲ್ಲ.

ವೇಗ ತೋರಿಸುವ ಗಡಿಯಾರ ಆ ಕಾರಿನಲ್ಲಿ ಓಡಿಸುವವನ ಮುಂದೆ ಇರಲಿಲ್ಲ, ಪಕ್ಕದಲ್ಲಿ ಕೂತವನ ಮುಂದೆ ಇತ್ತು. ಹಾಗಾಗಿ ಓದಿ ಹೇಳುವ ಕೆಲಸ ನನಗೆ ಬಂತು. ಇಪ್ಪತ್ತು ಮೈಲು ಎಂದರೆ ಅಣ್ಣ ತಲೆಯಾಡಿಸುತ್ತಿದ್ದ, ಮೂವತ್ತು ಎಂದರೆ ನಿಧಾನಿಸುತ್ತಿದ್ದ. ಎಷ್ಟು ವೇಗದಲ್ಲಿ ಹೋದರೆ ಗಾಳಿ ಮುಖಕ್ಕೆ ಬರುತ್ತದೆ, ಹೊಟ್ಟೆ ತೊಳೆಸುವುದಿಲ್ಲ ಎಂದು ಕಂಡುಹಿಡಿಯುವುದು ಅವನ ಉದ್ದೇಶ. ನನಗೆ ಬಸ್ಸಿನಲ್ಲೂ ವಾಂತಿ ಬರುತ್ತಿರಲಿಲ್ಲ, ಆದ್ದರಿಂದ ನನ್ನ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎಂದೆ. ಆದರೂ ತಿರುವುಗಳಲ್ಲಿ ಕಣ್ಣು ಮುಚ್ಚಿ ಕೂರಲು ಹೇಳುತ್ತಿದ್ದ. ಎಲ್ಲಿ ಹೊಟ್ಟೆ ಅಲುಗಿತು ಎಂದು ಕೇಳುತ್ತಿದ್ದ.

ಸುಳ್ಯದವರೆಗಿನ ರಸ್ತೆ ತೊಂದರೆ ಕೊಡಲಿಲ್ಲ. ಅಲ್ಲಿಂದ ಗುತ್ತಿಗಾರಿನ ಕಡೆಗೆ ಮಣ್ಣಿನ ದಾರಿ. ಎತ್ತಿನ ಗಾಡಿಗಳು ಕೊರೆದ ಎರಡು ಚಡಿ, ನಡುವೆ ಹುಲ್ಲು ಬೆಳೆದ ದಿಣ್ಣೆ. ಜೀಪಿಗೆ ಅದು ಲೆಕ್ಕವಿಲ್ಲ. ನಮ್ಮ ಕಾರಿನ ಹೊಟ್ಟೆ ನೆಲಕ್ಕೆ ಒಂದು ಗೇಣು. ದಿಣ್ಣೆಗೆ ತಾಗಿ ಚೇಂಬರ್ ಒಡೆದರೆ ಎಣ್ಣೆಯೆಲ್ಲ ಹೋಗಿ ಎಂಜಿನ್ನು ಸಾಯುತ್ತದೆ ಎಂದು ಮೆಕ್ಯಾನಿಕ್ ಎಚ್ಚರಿಸಿದ್ದರು. ಅಣ್ಣ ಒಂದು ಭಾನುವಾರ ಹಾರೆ, ಬುಟ್ಟಿ ಹೇರಿಕೊಂಡು ಹೊರಟ. ತಾಗುವ ಕಡೆಯೆಲ್ಲ ಇಳಿದು ದಿಣ್ಣೆ ಕೆತ್ತಿದೆವು, ಚಡಿಗೆ ಕಲ್ಲು ತುಂಬಿದೆವು. ಮುಂಡು ಮೇಲೆ ಕಟ್ಟಿ ಮಳೆಯಲ್ಲಿ ಮಣ್ಣು ಹೊರುತ್ತಿದ್ದ ವಕೀಲನನ್ನು ಕಂಡು ಎಲಿಮಲೆಯ ಹತ್ತಿರ ಒಬ್ಬ ಮುದುಕರು ಕೊಡೆ ಹಿಡಿದು ನಿಂತರು.

“ಓಟು ಬಂತಾ ಮಾರಾಯ್ರೆ?” ಎಂದು ಕೇಳಿದರು.

ಮುಂದಿನ ಭಾನುವಾರವೂ ಹೋದೆವು. ಆ ಸಲ ಅತ್ತಿಗೆಯ ತವರಿನ ಹೊಳೆಯವರೆಗೂ ಕಾರು ತಾಗದೆ ಹೋಯಿತು. ಅಲ್ಲಿಂದ ಮುಂದೆ ಹೊಳೆ ದಾಟಲು ಅಡಿಕೆ ಮರದ ಸಂಕ, ಕಾಲುನಡಿಗೆಯವರಿಗೆ ಮಾತ್ರ. ಸಂಕದ ಆಚೆ ಸ್ವಲ್ಪ ಏರಿದರೆ ಮನೆ. ಆಟಿ ಅರ್ಧ ಕಳೆದಿತ್ತು. ಅಣ್ಣ ಇಳಿಯಲಿಲ್ಲ. ಕೂತಲ್ಲಿಂದಲೇ ಒಮ್ಮೆ ಹಾರನ್ನು ಒತ್ತಿದ. ದಾರಿ ಆಯಿತು ಎಂದು ಹೇಳಿ ಕಳಿಸುವುದಷ್ಟೇ ಅವನ ಮನಸ್ಸಿನಲ್ಲಿತ್ತು.

ಅತ್ತಿಗೆಯ ಅಣ್ಣ ಕೊಡೆ ಹಿಡಿದು ಸಂಕ ದಾಟಿ ಬಂದರು. ಕಾರನ್ನು ಹೊಗಳಿದರು. ಮಳೆಯ ಮಾತಾಡಿದರು. ಆಮೇಲೆ ತಂಗಿಗೆ ನಾಲ್ಕು ದಿನದಿಂದ ಸ್ವಲ್ಪ ಜ್ವರ ಎಂದರು.

ಅಣ್ಣ ಎಂಜಿನ್ನು ನಿಲ್ಲಿಸಿದ. “ಡಾಕ್ಟರಿಗೆ ತೋರಿಸುವ ಭಾವ. ಗಾಡಿ ಇಲ್ಲೇ ಉಂಟಲ್ಲ.”

“ಆಟಿಯಲ್ಲಿ ಜ್ವರ ಬಾರದ ಮನೆ ಯಾವುದುಂಟು? ಕಷಾಯ ಕೊಡ್ತಾ ಇದ್ದೇವೆ. ನೀವು ಈಗ ಮೆಟ್ಟಿಲು ಹತ್ತಿದರೆ ಅಮ್ಮ ಹೆದರಿ ಹೋಗ್ತಾರೆ. ಅದಕ್ಕಿಂತ ಒಂದು ಹದಿನೈದು ದಿನ, ಸೋಣ ಬಂದೇ ಬರ್ತದೆ.”

“ಅವಳು ಎಂತ ಹೇಳ್ತಾಳೆ?”

“ಹಾರನ್ನು ಕೇಳಿದ ಕೂಡಲೇ ಎದ್ದು ಕೂತಿದ್ದಾಳೆ. ಅದು ಬಸ್ಸಿನದ್ದಲ್ಲ ಅಂತ ಅವಳೇ ಹೇಳಿದ್ದು.”

ಅಣ್ಣ ಸಂಕದ ಕಡೆ ನೋಡಿದ. ಅದರ ಉದ್ದ ಹೆಚ್ಚೆಂದರೆ ನಮ್ಮ ಮನೆಯ ಜಗಲಿಯಷ್ಟು. ಹೊಳೆಯಲ್ಲಿ ನೀರು ತುಂಬಿತ್ತು, ಆದರೆ ಸಂಕದ ಮೇಲೆ ಬಂದಿರಲಿಲ್ಲ. ದಾಟಬಹುದಿತ್ತು. ಕ್ರಮ ಮೀರಿ ಅಳಿಯ ಬಂದ, ಅದರಿಂದ ಹೀಗಾಯಿತು ಎಂಬ ಮಾತು ನಾಳೆ ಅವಳ ತಲೆಗೆ ಬರಬಾರದು ಎಂದು ತಾನು ಯೋಚಿಸಿದ್ದಾಗಿ ಅವನು ನನಗೆ ಬಹಳ ವರ್ಷಗಳ ನಂತರ ಹೇಳಿದ. ಆಗ ಎಂಜಿನ್ನು ಹೊತ್ತಿಸಿದ. ಗಾಡಿ ತಿರುಗಿಸಿದ. ಸಣ್ಣ ಜಾಗ, ಹಿಂದೆ ಮುಂದೆ ಮಾಡಿ ತಿರುಗಿಸಲು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಎಂಜಿನ್ನಿನ ಸದ್ದು ಮೇಲಿನ ಮನೆಗೆ ಕೇಳಿಸುತ್ತಿದ್ದಿರಬೇಕು.

ಆ ವಾರ ಅಣ್ಣ ಮಿಲ್ಲಿಗೆ ಹೋಗಲಿಲ್ಲ. ವಾರದ ಕೊನೆಗೆ ಸುಳ್ಯ ಬಸ್ಸಿನ ಕಂಡಕ್ಟರ್ ಮಧ್ಯಾಹ್ನ ಕೋರ್ಟಿಗೇ ಬಂದರು. ವಕೀಲರು ಕೂಡಲೇ ಬರಬೇಕಂತೆ ಎಂದಷ್ಟೇ ಅತ್ತಿಗೆಯ ತವರಿನವರು ಹೇಳಿ ಕಳಿಸಿದ್ದರು. ಅಣ್ಣ ಮನೆಗೆ ಬಂದು ಕಂಬಳಿ ತೆಗೆದುಕೊಂಡ. ಅಮ್ಮ ಆಟಿಯ ಹೆಸರೆತ್ತಲಿಲ್ಲ. ತಮ್ಮನನ್ನೂ ಕರೆದುಕೊಂಡು ಹೋಗು, ಒಬ್ಬನೇ ಬೇಡ ಎಂದಳು.

“ಅವನು ಕೂತರೆ ಅವಳು ಎಲ್ಲಿ ಕೂರುದು?” ಎಂದ ಅಣ್ಣ.

ನಾನು ಮಿಲ್ಲಿನವರೆಗೆ ಹೋಗಿ ಗಾಡಿ ಹೊತ್ತಿಸಲು ಸಹಾಯ ಮಾಡಿದೆ. ಅದು ಹೊರಟು ಹೋದ ಮೇಲೆ ಅಮ್ಮ ಆ ಮಳೆಯಲ್ಲಿ ನಡೆದು ಬಂದಳು. ಕೈಯಲ್ಲಿ ಒಂದು ತೆಂಗಿನಕಾಯಿ ಇತ್ತು. ಚಕ್ರದ ಮುಂದೆ ಒಡೆಯಲು ತಂದದ್ದು. ಭಟ್ಟರಿಲ್ಲದೆ, ಆಟಿಯಲ್ಲಿ. ಹಲಗೆಗಳ ಪಕ್ಕದ ಖಾಲಿ ಜಾಗವನ್ನು ನೋಡಿ ಅವಳು ಕಾಯಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮುಂದಿನದನ್ನು ನಾನು ಕಂಡಿಲ್ಲ. ಅತ್ತಿಗೆಯ ಅಣ್ಣ ಹೇಳಿದ್ದು ಹೀಗೆ. ಅವರೇ ತಂಗಿಯನ್ನು ಬೆನ್ನ ಮೇಲೆ ಹೊತ್ತು ಸಂಕ ದಾಟಿಸಿದರು. ಅವಳಿಗೆ ಆಗಾಗ ಎಚ್ಚರ ತಪ್ಪುತ್ತಿತ್ತು. ಕಾರಿನ ಬಾಗಿಲು ತೆರೆದಾಗ ಕಣ್ಣು ಬಿಟ್ಟು ಗಂಡನನ್ನು ನೋಡಿ ಕೇಳಿದಳು:

“ಸೋಣ ಬಂತಾ?”

“ಬಂತು,” ಎಂದ ಅಣ್ಣ.

ಆಮೇಲೆ ಅವಳು ಒಳಗೆ ಕಾಲಿಟ್ಟಳು.

ದಾರಿಯ ವಿಷಯ ಅಣ್ಣ ಹೇಳಿದ್ದು ಇನ್ನೂ ಕಡಿಮೆ. ಬದಿಯ ಪರದೆ ತೆಗೆಯಲು ಅವಳು ಕೇಳಿದಳಂತೆ. ಮಳೆ ಬರುತ್ತದೆ ಎಂದರೂ ಕೇಳಲಿಲ್ಲ. ತೆಗೆದ. ಸುಳ್ಯ ದಾಟುವವರೆಗೂ ಅವಳಿಗೆ ಎಚ್ಚರವಿತ್ತು. ರಸ್ತೆಯನ್ನೇ ನೋಡುತ್ತಿದ್ದಳು. ವಾಂತಿ ಬರಲಿಲ್ಲ.

ಬೆಳಕಿರುವಾಗಲೇ ಅವರು ಪುತ್ತೂರಿನ ಆಸ್ಪತ್ರೆ ಮುಟ್ಟಿದರು. ನಾನೂ ಅಮ್ಮನೂ ಅಲ್ಲಿನ ಜಗಲಿಯಲ್ಲಿ ಕಾಯುತ್ತಿದ್ದೆವು. ಕ್ಯಾನ್ವಾಸಿನ ಮಾಡು ನೀರು ತುಂಬಿ ಜೋತುಬಿದ್ದಿತ್ತು. ಅಣ್ಣನ ಅಂಗಿ ಅತ್ತಿಗೆಯ ಮೈಮೇಲಿತ್ತು, ಕಂಬಳಿ ಅದರ ಮೇಲೆ. ವಿಷಮಜ್ವರ ಎಂದರು ಡಾಕ್ಟರು. ಸೋಣಕ್ಕೆ ಇನ್ನೂ ಕೆಲವು ದಿನ ಇರುವಾಗ ಅತ್ತಿಗೆ ತೀರಿಕೊಂಡರು.

ಒಂದು ವಾರ ಮೊದಲು ತಂದಿದ್ದರೆ ಉಳಿಯುತ್ತಿದ್ದರು ಎಂದು ಡಾಕ್ಟರು ಹೇಳಿದ್ದಾಗಿ ಪೇಟೆಯಲ್ಲಿ ಸುದ್ದಿಯಾಯಿತು. ನಾನು ಹೋಗಿ ಅವರನ್ನೇ ಕೇಳಿದೆ. ಅವರು ಹಾಗೆ ಹೇಳಿರಲಿಲ್ಲ. “ಹೇಳ್ಲಿಕ್ಕೆ ಆಗುದಿಲ್ಲ,” ಎಂದಿದ್ದರು, ನನಗೂ ಅದನ್ನೇ ಹೇಳಿದರು. ಅದನ್ನು ಅಣ್ಣನಿಗೆ ತಿಳಿಸಿದೆ. ಸಮಾಧಾನವಾಗಬಹುದು ಎಂದುಕೊಂಡಿದ್ದೆ. ಅದು ಎರಡೂ ಕಡೆಗೆ ಹೊಂದುವ ಉತ್ತರ ಎಂದು ವಕೀಲನಾದ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪತ್ರಿಕೆಗೆ ನಾನೇ ನಾಲ್ಕು ಸಾಲು ಬರೆದು ಕಳಿಸಿದೆ. ‘ಅಲ್ಪಕಾಲದ ಅಸೌಖ್ಯದಿಂದ’ ಎಂಬುದು ಅಂಥ ಸುದ್ದಿಗೆ ರೂಢಿಯ ಮಾತು. ಬರೆದು, ಹೊಡೆದು ಹಾಕಿ, ‘ಜ್ವರದಿಂದ’ ಎಂದು ಬರೆದೆ.

ಸೋಣ ಸಂಕ್ರಮಣದ ದಿನ ಬೆಳಗ್ಗೆ ಭಟ್ಟರು ಮಿಲ್ಲಿಗೆ ಬಂದರಂತೆ. ಮೊದಲೇ ಹೇಳಿಟ್ಟದ್ದನ್ನು ಬೇಡವೆಂದು ತಿಳಿಸಲು ಯಾರಿಗೂ ನೆನಪಾಗಿರಲಿಲ್ಲ. ಮಿಲ್ಲಿನವರೇ ಅವರಿಗೆ ವಿಷಯ ಹೇಳಿ ಕಳಿಸಿದರು.

ಕಾರು ಬೇಸಗೆಯವರೆಗೂ ಅಲ್ಲೇ ಇತ್ತು. ಮರದ ಹುಡಿ ಬಿದ್ದು ಬಿದ್ದು ಅದರ ಬಣ್ಣವೇ ಮರೆಯಾಗಿತ್ತು. ಆಮೇಲೆ ಮಂಗಳೂರಿನಿಂದ ಒಬ್ಬ ತರುಣ ವ್ಯಾಪಾರಿ ಕೊಳ್ಳಲು ಬಂದ. ಅಣ್ಣ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳಿಕೊಟ್ಟ: ಯಾವ ನಟ್ಟು ಯಾವ ದಿಕ್ಕಿಗೆ, ಒಳಗಿನ ಸದ್ದು ನಿಲ್ಲದಿದ್ದರೆ ಏನರ್ಥ, ಒಂದನೆಯ ಗೇರಿಗೆ ಎಷ್ಟು ಕಾಯಬೇಕು, ಮಾಡು ಎಲ್ಲೆಲ್ಲಿ ಸೋರುತ್ತದೆ. ಸಾಕ್ಷಿಯ ಹೇಳಿಕೆ ಓದಿದ ಹಾಗೆ, ಒಂದನ್ನೂ ಬಿಡದೆ ಹೇಳಿದ. ಇಷ್ಟು ಚೆನ್ನಾಗಿ ಗೊತ್ತಿರುವ ಗಾಡಿಯನ್ನು ಯಾಕೆ ಕೊಡುವುದು ಎಂದು ಆ ತರುಣ ಕೇಳಿದ. ಎರಡು ಸೀಟು ಸಾಕಾಗುವುದಿಲ್ಲ ಎಂದ ಅಣ್ಣ. ಮನೆಯಲ್ಲಿ ತುಂಬ ಜನರಿರಬೇಕು ಎಂದು ಅವನು ತಿಳಿದುಕೊಂಡ.

ಅಣ್ಣ ಮತ್ತೆ ಮದುವೆಯಾಗಲಿಲ್ಲ. ಸುಳ್ಯದ ಕಡೆಯ ಕೇಸುಗಳಿಗೆ ಬಸ್ಸಿನಲ್ಲೇ ಹೋಗಿಬರುತ್ತಿದ್ದ.

ನನ್ನ ಮದುವೆ ಕೆಲವು ವರ್ಷಗಳ ನಂತರ ಆಯಿತು. ಹೆಂಡತಿಯ ಮನೆ ಉಪ್ಪಿನಂಗಡಿ. ಮೊದಲ ಆಟಿ ಹುಟ್ಟುವ ಮುನ್ನ ಅವಳ ತಾಯಿ ಮತ್ತು ಚಿಕ್ಕಮ್ಮ ಅವಳನ್ನು ಕರೆದೊಯ್ಯಲು ಬಂದರು. ಅಣ್ಣ ಜಗಲಿಯಲ್ಲಿ ಕೂತು ಕಡತ ನೋಡುತ್ತಿದ್ದ. ಅಮ್ಮ ಬಂದವರಿಗೆ ಬೆಲ್ಲ ನೀರು ತಂದಿಟ್ಟಳು. ಅವರು ವಿಷಯ ಎತ್ತಿದರು.

“ನಮ್ಮಲ್ಲಿ ಆ ಕ್ರಮ ಇಲ್ಲ,” ಎಂದಳು ಅಮ್ಮ.

ಅದು ನಿಜವಲ್ಲ ಎಂದು ಅವರಿಬ್ಬರಿಗೂ ಗೊತ್ತಿತ್ತು. ಚಿಕ್ಕಮ್ಮ ಅಣ್ಣನ ಕಡೆ ನೋಡಿ ಬೆಲ್ಲದ ತುಂಡು ಕೈಗೆತ್ತಿಕೊಂಡರು. ಅಣ್ಣ ಹಾಳೆ ಮಗುಚಿದ. ಅಮ್ಮ ಅವರನ್ನು ಊಟಕ್ಕೆ ಎಬ್ಬಿಸಿದಳು.