ಬಿಚ್ಚಿ ತಂದ ಪಂಪು

ಎಣ್ಣೆ ಪಂಪು ಕೆಟ್ಟು, ಸೈನ್ಯದ ಸಾಮಾನು ಸಾಗಿಸೋ ನಮ್ಮ ಹೆಲಿಕಾಪ್ಟರ್ ಮಳವಳ್ಳಿ ಪಕ್ಕದ ಕೊಯ್ಲಾದ ಗದ್ದೆಯಲ್ಲಿ ಇಳಿದಿತ್ತು. ನಾನು ಅದರ ಮೆಕ್ಯಾನಿಕ್. ಬೇರೆ ಪಂಪು ಬರೋವರೆಗೂ ಅಲ್ಲೇ ಕಾವಲು.

ಗದ್ದೆಯ ಒಡತಿ ಸಾಕಮ್ಮ ಕೇಳಿದರು: "ಮದ್ದೂರ್ಗೋದ್ರೆ ಸಿಕ್ಕಾಕಿಲ್ವಾ ಮಗಾ?"

"ಇದನ್ನ ಮಾಡೋರೇ ಈಗ ಇಲ್ಲ ಕಣಮ್ಮ. ಶೆಡ್ಡಲ್ಲಿ ನಿಂತಿರೋ ಇನ್ನೊಂದು ಹೆಲಿಕಾಪ್ಟರಿಂದ ಬಿಚ್ಚಿ ತರಬೇಕು."

"ಅಂಗಾರೆ ಅದು ಆರೋದು ಬ್ಯಾಡ್ವಾ?"

ಇಷ್ಟು ವರ್ಷ ಅದರಿಂದ ಏನೇನು ಬಿಚ್ಚಿದ್ದೀವಿ ಅಂತ ನನಗೆ ಗೊತ್ತು.

ಕೊನೆಗೂ ಪಂಪು ಬಂತು, ಕೂರಿಸಿದೆ. ಹೊರಡೋ ಮುಂಚೆ ಸಾಕಮ್ಮ ಆಯುಧಪೂಜೆ ಥರ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಮೂತಿಗೆ ಕುಂಕುಮ ಹಚ್ಚಿದರು. ಮಿಕ್ಕ ಕುಂಕುಮಾನ ಪೇಪರಲ್ಲಿ ಕಟ್ಟಿ ನನಗೆ ಕೊಟ್ಟರು.

"ಶೆಡ್ಡಲ್ಲಿರೋ ಅದ್ರ ಮೂತಿಗೂ ಇಕ್ಬುಡು ಮಗಾ, ಪಾಪ."

ಈಗ ಹಚ್ಚಿದ್ದೇ ಅದರಿಂದ ಬಿಚ್ಚಿ ತಂದ ಮೂತಿಗೆ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ.