ಸವದತ್ತಿ ಲೈನಿನ ಗುರುಗಳು

ಹೆಡ್‌ಫೋನಿನ ಪಟ್ಟಿ ಕೂರುವ ಜಾಗದಲ್ಲಿ ಅವರ ಕೂದಲು ಸವೆದು, ಕಿವಿಯಿಂದ ಕಿವಿಗೆ ಕಾಲುದಾರಿ ಬಿದ್ದಂತೆ ತಲೆ ನುಣ್ಣಗಾಗಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದು ಒಂದೇ ಸಲ. ಮರುವರ್ಷ ಅವರು ತೀರಿಕೊಂಡರು. ಅದಕ್ಕೂ ಮೊದಲು ಎಷ್ಟೋ ಕಾಲ ಅವರು ನನಗೆ ಬರೀ ದನಿಯಾಗಿದ್ದರು.

ಎಪ್ಪತ್ತರ ದಶಕ. ನಾನು ರಾಮದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್, ಅವರು ಸವದತ್ತಿಯಲ್ಲಿ. ಯಾರು ಯಾರೊಡನೆ ಮಾತಾಡಬೇಕಾದರೂ ನಾವೇ ತಂತಿ ಚುಚ್ಚಿ ಕೂಡಿಸಬೇಕಾಗಿದ್ದ ಕಾಲ. ನಾನೋ ಮಹಾ ಪುಕ್ಕಲಿ. ಕರೆ ಬಂದ ಗುರುತಿಗೆ ಬೋರ್ಡಿನ ಮೇಲೆ ಯಾವುದೋ ನಂಬರಿನ ಬಿಲ್ಲೆ ಟಪ್ಪನೆ ಬಿದ್ದರೆ ಬೆಚ್ಚಿಬೀಳುತ್ತಿದ್ದೆ. ಅದು ಹತ್ತಿ ಗಿರಣಿ ಸಾವುಕಾರರ ಬಿಲ್ಲೆಯಾದರಂತೂ ಮುಗಿಯಿತು; ಲೈನು ತುಸು ತಡವಾದರೆ ಒದರಾಡಿ ನನ್ನ ನೀರಿಳಿಸುತ್ತಿದ್ದರು.

ರವಿವಾರ ಮಧ್ಯಾಹ್ನ ಊರು ಮಲಗಿರುವಾಗ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಆಪರೇಟರುಗಳು ಲೈನು ಕೂಡಿಸಿಕೊಂಡು ಒಂದು ಆಟ ಆಡುತ್ತಿದ್ದೆವು. ಎಲ್ಲೂ ಇಲ್ಲದ ಒಂದು ರಾಜ್ಯ. ಬೈಲಹೊಂಗಲದವರು ಅದರ ಅರಸರು. ಕಿತ್ತೂರಿನಾಕೆ ಸೇನಾಪತಿ, ಬೇರೆ ಪಾತ್ರ ಕೊಟ್ಟರೆ ಆಕೆ ಒಪ್ಪಬೇಕಲ್ಲ. ಸವದತ್ತಿಯವರು ಗುಡ್ಡದ ಮೇಲಿನ ವಿದ್ಯಾಶಾಲೆಯ ಗುರುಗಳು. ಪೌರೋಹಿತ್ಯದ ಮನೆತನದಿಂದ ನೌಕರಿಗೆ ಬಂದವರು, ಕಲಿತ ಶಾಸ್ತ್ರವನ್ನೆಲ್ಲ ಆ ಇಲ್ಲದ ಶಾಲೆಯಲ್ಲಿ ಖರ್ಚು ಮಾಡುತ್ತಿದ್ದರು. ಆ ರಾಜ್ಯದ ಆಕಾಶದಲ್ಲಿ ಎರಡು ಚಂದ್ರ. ಎರಡಕ್ಕೂ ಪಂಚಾಂಗ ಹೇಳುತ್ತಿದ್ದರು. ಅವರು ಅಡಿಕೆ ಕತ್ತರಿಸುವ ಅಡಕೊತ್ತಿನ ಸದ್ದು ಕೇಳಿಸಿತೆಂದರೆ ಪಾಠ ಶುರು. ಪಾಠ ಮುಗಿದರೆ ಪರೀಕ್ಷೆ, ತಪ್ಪಿದರೆ ಬೈಗುಳ. ಮೇಲಿನವರು ಯಾರಾದರೂ ಕದ್ದು ಕೇಳಿದರೆ ನೌಕರಿಗೇ ಸಂಚಕಾರ. ಲೈನಿನಲ್ಲಿ ಏನೋ ಕಟಕ್ ಎಂದರೂ ನಾನು ತಂತಿ ಕಿತ್ತುಬಿಡುತ್ತಿದ್ದೆ.

ನನ್ನ ಪುಕ್ಕಲುತನ ಕಂಡು ಗುರುಗಳು ನನ್ನನ್ನು ವಿದ್ಯಾಶಾಲೆಯ ಕಾವಲುಗಾತಿ ಮಾಡಿದರು. ಬಂದವರನ್ನು ತಡೆದು, ಯಾರು, ಯಾಕೆ ಎಂದು ಕೇಳಿ, ಒಳಗೆ ಸುದ್ದಿ ಮುಟ್ಟಿಸುವುದು ನನ್ನ ಕೆಲಸ. ಆಟದ ಅರಸರನ್ನು ತಡೆಯಲೂ ನನ್ನ ದನಿ ನಡುಗುತ್ತಿತ್ತು. “ಹೆದರಿಕಿ ಹೊಟ್ಟ್ಯಾಗ ಇರವಲ್ದ್ಯಾಕ, ದನಿಯೊಳಗ ಬ್ಯಾಡ. ಇನ್ನೊಮ್ಮೆ ಕೇಳು,” ಎನ್ನುತ್ತಿದ್ದರು.

ಒಂದು ಮಳೆಗಾಲದ ರವಿವಾರ. ನಮ್ಮಲ್ಲಿ ಬರೀ ತುಂತುರು. ನಾನೊಬ್ಬಳೇ ಇದ್ದೆ. ಸವದತ್ತಿ ಲೈನು ಬಡಿಯಿತು.

“ತಂಗಿ, ನವಿಲುತೀರ್ಥದಾಗ ಡ್ಯಾಮಿನ ಗೇಟ್ ತಗದಾರ. ಸಂಜಿ ಅನ್ನೂದ್ರಾಗ ಹೊಳಿ ನಿಮ್ಮೂರಿಗೆ ಬರತದ. ತಹಶೀಲ್ದಾರ ಕಚೇರಿಗೆ ಲೈನ್ ಕೊಡು.”

ಕಚೇರಿಗೆ ಗಂಟೆ ಬಾರಿಸಿದೆ. ರಜೆಯ ದಿನ, ಯಾರೂ ಎತ್ತಲಿಲ್ಲ.

“ಇದು ಆಟ ಏನ್ರೀ?” ಎಂದೆ.

“ಆಟ ಅಲ್ಲವಾ. ಖರೇನ ಅದ.”

ಹೊಳೆದಂಡೆಯ ಓಣಿಯಲ್ಲೇ ನಮ್ಮ ಮನೆ. ಮೊಣಕಾಲು ಹಿಡಿದು ಏಳಲಾರದ ಅವ್ವ ಒಳಗೆ ಒಬ್ಬಳೇ. “ನಾ ಮನಿಗೆ ಹೋಗತೇನ್ರಿ, ಅವ್ವ ಒಬ್ಬಾಕಿ ಅದಾಳ್ರಿ,” ಎಂದು ಅಳತೊಡಗಿದೆ.

ಆ ಕಡೆ ಅಡಕೊತ್ತಿನ ಸದ್ದಾಯಿತು. ಆಮೇಲೆ ಪಾಠ ಹೇಳುವ ಗತ್ತಿನ ದನಿ ಬಂತು. “ಕಾವಲುಗಾತಿ, ಬಾಗಿಲಿಗೆ ಯಾರು ಬಂದಾರ?”

ರೂಢಿ ನೋಡಿ, ನಾಲಿಗೆ ತಾನಾಗಿ ಉತ್ತರ ಕೊಟ್ಟಿತು. “ಹೊಳಿ ಬಂದೈತ್ರಿ, ಗುರುಗಳ.”

“ಊರ ಎಬ್ಬಸೂ ಗಂಟಿ ಯಾರ ಕಡೆ ಅದ?”

“ಗಿರಣಿ ಸಾವುಕಾರರ ಕಡೆ ಭೋಂಗಾ ಐತ್ರಿ.”

“ಮತ್ತ್ಯಾಕ ನಿಂತಿ? ನಡಿ, ಹೇಳು. ನಾ ಲೈನ್ ಬಿಡೂದಿಲ್ಲ.”

ಸಾವುಕಾರರು ನಿದ್ದೆಗಣ್ಣಲ್ಲಿ ಎತ್ತಿದರು. “ಹೊಳಿ ಬರಾಕ ಹತ್ತೈತಿ. ಗಿರಣಿ ಭೋಂಗಾ ಊದಸ್ರಿ. ಈಗಿಂದೀಗ.”

“ಯಾರದು ಮಾತಾಡಾಕ ಹತ್ತಿದ್ದು?”

“ಕಾವಲುಗಾತಿ!”

ಮಾತು ಬಾಯಿಂದ ಬಿದ್ದಾಗಿತ್ತು. ಅದು ಯಾವ ದೊಡ್ಡ ಅಧಿಕಾರ ಎಂದುಕೊಂಡರೋ ಏನೋ, ಅವರು “ಹೂನ್ರಿ” ಎಂದರು. ನನಗೆ ಅವರು ‘ರೀ’ ಹಚ್ಚಿದ್ದು ಅದೇ ಮೊದಲು. ಭೋಂಗಾದ ಸೈರನ್ ಕೂಗು ಊರನ್ನು ನಡುಗಿಸಿತು. ಆಮೇಲೆ ಪೊಲೀಸ್ ಠಾಣೆ, ಡಾಕ್ಟರು, ನಮ್ಮ ಓಣಿಯ ಕಿರಾಣಿ ಅಂಗಡಿ. ಒಂದೊಂದು ಮುಗಿದಾಗಲೂ ಕಿವಿಯಲ್ಲಿ ಅದೇ ದನಿ: “ಮುಂದ ಯಾರು?” ಕೊನೆಗೆ ಅಂಗಡಿಯವರು “ನಿಮ್ಮವ್ವನ್ನ ಹೊತ್ಕೊಂಡ ಹೊಂಟಾರವಾ” ಎಂದಾಗ ಬೋರ್ಡಿಗೆ ಹಣೆಯಿಟ್ಟು ಅತ್ತೆ. ಸಂಜೆ ಓಣಿಗೆ ನೀರು ನುಗ್ಗಿದಾಗ ಅಲ್ಲಿ ಒಬ್ಬರೂ ಇರಲಿಲ್ಲ.

ರಸ್ತೆ ಸರಿಹೋದ ಮೇಲೆ ಬಸ್ಸು ಹತ್ತಿ ಸವದತ್ತಿಗೆ ಹೋದೆ. ಆ ದನಿಗೆ ಎತ್ತರದ ಆಳೇ ಇರಬೇಕೆಂದುಕೊಂಡಿದ್ದೆ. ಬಾಗಿಲು ತೆಗೆದವರು ನನ್ನ ಹೆಗಲಿಗೆ ಬರುತ್ತಿದ್ದರು. ಕಾಲು ಮುಟ್ಟಿದರೆ ನಾಚಿಕೊಂಡು ಹಿತ್ತಲಿಗೆ ನಡೆದುಬಿಟ್ಟರು. ಆಗ ಅವರ ಹೆಂಡತಿ ಹೇಳಿದರು: “ಅವತ್ತ ನಾನೂ ಮಗಳೂ ಮುನವಳ್ಳಿಗೆ ನನ್ನ ತವರಮನಿಗೆ ಹೋಗಿದ್ವಿ. ಹೊಳಿ ಮೊದಲ ಬರೂದ ಅಲ್ಲಿಗೆ. ಅಲ್ಲಿ ಲೈನ್ ಹತ್ತಲೇ ಇಲ್ಲಂತ. ನಾವು ಅದೀವೋ ಹೋದಿವೋ ಇವರಿಗೆ ಗೊತ್ತಿರಲಿಲ್ಲ.”

ಅವರು ಮರಳಿ ಬಂದಾಗ, “ನನಗ ಯಾಕ ಹೇಳಲಿಲ್ರಿ?” ಎಂದೆ.

“ಹೇಳಿದ್ರ ನೀ ನನಗ ಸಮಾಧಾನ ಹೇಳಕೋತ ಕುಂದರತಿದ್ದಿ.”

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಮರುದಿನ ನಾವು ಬಂದ್ವಿ. ನಮ್ಮನ್ನ ನೋಡಿ ಬಾಯಿ ತಗದ್ರು, ದನೀನ ಬರಲಿಲ್ಲ. ವಾರಗಟ್ಟಲೆ ಮೂಕರಾಗಿ ಕುಂತ್ರು.”

ಆ ವಾರಗಳಲ್ಲಿ ಸವದತ್ತಿ ಲೈನಿನಲ್ಲಿ ಬೇರೆ ಯಾರೋ ಮಾತಾಡುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಅತ್ತದ್ದಕ್ಕೆ ಗುರುಗಳು ನನ್ನ ಮೇಲೆ ಮುನಿಸಿಕೊಂಡಿದ್ದಾರೆ ಎಂದು ನಾನು ಹೆದರಿಕೊಂಡಿದ್ದೆ.